ತೋಳ ಹೊಡೆದರೆ ಎಲ್ಕ್ ಹೆಚ್ಚುತ್ತವೆಯೇ?

ಪ್ರಶ್ನೆ: ನನ್ನ ಊರು ಗಂಗಾವತಿ ಕಡೆ. ಈಗ ಅಮೆರಿಕದ ಐಡಹೊ ರಾಜ್ಯದ ಬಾಯ್ಸಿಯಲ್ಲಿದ್ದೇನೆ. ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರು ಪ್ರತಿ ವರ್ಷ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುತ್ತಾರೆ. “ಒಂದು ತೋಳ ವರ್ಷಕ್ಕೆ ಇಪ್ಪತ್ತು ಎಲ್ಕ್ ತಿನ್ನುತ್ತದೆ, ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ತೋಳಗಳಿವೆ, ಇಪ್ಪತ್ತು ಸಾವಿರ ಎಲ್ಕ್ ಹೋಯಿತಲ್ಲ? ನೀನೂ ಒಂದು ತೋಳದ ಟ್ಯಾಗ್ (ಒಂದು ತೋಳ ಹೊಡೆಯುವ ಪರವಾನಗಿ ಚೀಟಿ) ತಗೋ, ಕಾಡಿಗೆ ಉಪಕಾರವಾಗುತ್ತದೆ” ಎನ್ನುತ್ತಾರೆ. ಅವರ ಲೆಕ್ಕ ಸರಿಯೇ? ತೋಳ ಕಡಿಮೆಯಾದರೆ ಎಲ್ಕ್ ನಿಜವಾಗಿ ಹೆಚ್ಚುತ್ತವೆಯೇ? ನಮ್ಮೂರಲ್ಲಿ ಕುರಿ ಹಿಡಿಯುವ ತೋಳಕ್ಕೂ ಇದೇ ಮಾತು ಅನ್ವಯಿಸುತ್ತದೆಯೇ?

ಉತ್ತರ: ನಿಮ್ಮ ಸಹೋದ್ಯೋಗಿಯ ಮೊದಲ ಅಂಕಿಯಲ್ಲಿ ಹುರುಳಿದೆ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಚಳಿಗಾಲದಲ್ಲಿ ತೋಳಗಳ ಬೆನ್ನು ಹತ್ತಿ ಲೆಕ್ಕ ಇಟ್ಟವರು ಕಂಡದ್ದು ತೋಳವೊಂದಕ್ಕೆ ತಿಂಗಳಿಗೆ ಸುಮಾರು ಎರಡು ಎಲ್ಕ್. ಬೇಸಿಗೆಯಲ್ಲಿ ಪ್ರಮಾಣ ಬೇರೆ, ಜಿಂಕೆಗಳೂ ಊಟಕ್ಕೆ ಸೇರುತ್ತವೆ. ಆದರೂ ವರ್ಷಕ್ಕೆ ಹದಿನೈದೋ ಇಪ್ಪತ್ತೋ ಎನ್ನುವುದು ಬಾಯಿಗೆ ಬಂದ ಮಾತಲ್ಲ. ಅವರು ಎಡವಿರುವುದು ಸತ್ತ ಪ್ರತಿ ಎಲ್ಕನ್ನೂ ಹಿಂಡಿಗಾದ ನಷ್ಟವೆಂದು ಬರೆದುಕೊಂಡದ್ದರಲ್ಲಿ.

ಐಡಹೊದಲ್ಲಿ ಈಗ ಸುಮಾರು 1,20,000 ಎಲ್ಕ್ ಇವೆ. ನಮ್ಮ ಕಡವೆಯ ಬಳಗಕ್ಕೇ ಸೇರಿದ, ಅದಕ್ಕಿಂತ ದೊಡ್ಡ ಪ್ರಾಣಿ ಇದು. ಬೇಟೆಗಾರರು ಅಲ್ಲಿ ವರ್ಷಕ್ಕೆ 20,000ದ ಆಸುಪಾಸು ಎಲ್ಕ್ ಹೊಡೆಯುತ್ತಾರೆ. ಅದರ ಮೇಲೆ ತೋಳಗಳು ಇನ್ನೂ 20,000ವನ್ನು ಪೂರ್ತಿ ಹೆಚ್ಚುವರಿಯಾಗಿ ಕಳೆಯುತ್ತಿದ್ದರೆ ಈ ಹಿಂಡುಗಳು ಎಂದೋ ನೆಲಕಚ್ಚಬೇಕಿತ್ತು. ಕೆನಡಾದಿಂದ ತಂದ 35 ತೋಳಗಳನ್ನು ಮಧ್ಯ ಐಡಹೊದ ಕಾಡಿಗೆ ಬಿಟ್ಟದ್ದು 1995 ಮತ್ತು 1996ರಲ್ಲಿ. ಅದಾಗಿ ಮೂರು ದಶಕ ಕಳೆದರೂ ರಾಜ್ಯದ ಒಟ್ಟು ಎಲ್ಕ್ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇದೆ. ಪಕ್ಕದ ಮೊಂಟಾನಾದಲ್ಲಿ ತೋಳ ಬಂದ ಮೇಲೆ ಎಲ್ಕ್ ಏರಿವೆ. ವಯೋಮಿಂಗ್‌ನ ಅಧಿಕಾರಿಗಳ ತಲೆನೋವು ಎಲ್ಕ್ ಗುರಿಗಿಂತ ಜಾಸ್ತಿ ಇರುವುದು. ಹಾಗಾದರೆ ಆ ಇಪ್ಪತ್ತು ಸಾವಿರ ಎಲ್ಲಿ ಹೋಯಿತು?

ಇದಕ್ಕೆ ಉತ್ತರ ನಿಮ್ಮೂರ ಕುರಿಹಟ್ಟಿಯಲ್ಲೇ ಸಿಗುತ್ತದೆ. ಹಲ್ಲು ಉದುರಿದ ಮುದಿ ಕುರಿಯೊಂದು ಚಳಿಗೆ ಸತ್ತರೆ ಕುರುಬ ಬೇಸರ ಪಟ್ಟುಕೊಂಡಾನು, ಆದರೆ ಮುಂದಿನ ವರ್ಷದ ಮಂದೆ ಅದರಿಂದ ಸಣ್ಣದಾಗುವುದಿಲ್ಲ. ಮೂರನೆಯ ಸೂಲಿನ ಗಟ್ಟಿ ಕುರಿ ಸತ್ತರೆ ಅದರ ಜೊತೆ ಇನ್ನೂ ಐದಾರು ಮರಿಗಳು ಹೋದಂತೆ. ವನ್ಯಜೀವಿ ವಿಜ್ಞಾನದಲ್ಲಿ ಮೊದಲನೆಯದನ್ನು ಸರಿದೂಗುವ ಸಾವು ಎಂದೂ ಎರಡನೆಯದನ್ನು ಹೆಚ್ಚುವರಿ ಸಾವು ಎಂದೂ ಲೆಕ್ಕ ಹಿಡಿಯುತ್ತೇವೆ. ತೋಳ ತಿಂದ ಎಲ್ಕ್ ತೋಳವಿಲ್ಲದಿದ್ದರೆ ಮುಂದಿನ ವಸಂತದವರೆಗೆ ಬದುಕುತ್ತಿತ್ತೇ, ಬದುಕಿದ್ದರೆ ಮರಿ ಹಾಕುತ್ತಿತ್ತೇ? ತೋಳ ನಿರ್ವಹಣೆಯ ಇಡೀ ಜಗಳ ಈ ಪ್ರಶ್ನೆಯ ಮೇಲೆ ನಿಂತಿದೆ. ಸತ್ತ ಪ್ರಾಣಿಗಳನ್ನು ಎಣಿಸಿದ ಮಾತ್ರಕ್ಕೆ ಇದಕ್ಕೆ ಉತ್ತರ ಸಿಗುವುದಿಲ್ಲ.

ತೋಳ ಬೇಟೆಯಾಡುವ ಬಗೆ ನೋಡಿ. ಅದು ಹುಲಿಯ ಹಾಗೆ ಹೊಂಚಿ ಹಾರುವುದಿಲ್ಲ. ಹಿಂಡನ್ನು ಓಡಿಸುತ್ತದೆ, ಓಟದಲ್ಲಿ ಯಾರು ಕುಂಟುತ್ತಾರೆ, ಯಾರು ಹಿಂದೆ ಬೀಳುತ್ತಾರೆ ಎಂದು ನೋಡುತ್ತದೆ. ಐದಾರು ಬಾರಿ ಓಡಿಸಿದರೆ ಒಮ್ಮೆ ಊಟ ಸಿಕ್ಕೀತು. ಗಟ್ಟಿಮುಟ್ಟಾದ ಎಲ್ಕ್ ನಿಂತು ಎದುರಿಸಿದರೆ ತೋಳದ ಪಕ್ಕೆಲುಬು ಮುರಿಯುತ್ತದೆ, ತಲೆಬುರುಡೆಯೂ ಒಡೆದೀತು. ಹಾಗಾಗಿ ಅದರ ಬಾಯಿಗೆ ಹೆಚ್ಚಾಗಿ ಸಿಗುವುದು ಆ ವರ್ಷದ ಮರಿಗಳು, ಮುದಿ ಹೆಣ್ಣುಗಳು, ಬೆದೆಗಾಲದ ಕಾದಾಟದಲ್ಲಿ ಸೊರಗಿದ ಗಂಡುಗಳು. ಯೆಲ್ಲೊಸ್ಟೋನ್‌ನ ಉತ್ತರ ಭಾಗದಲ್ಲಿ ತೋಳ ಕೊಂದ ಹೆಣ್ಣು ಎಲ್ಕ್‌ಗಳ ಸರಾಸರಿ ವಯಸ್ಸು ಹದಿನಾಲ್ಕರ ಹತ್ತಿರ ಇತ್ತು. ಅದೇ ಹಿಂಡಿನಿಂದ ಬೇಟೆಗಾರರು ಹೊಡೆದ ಹೆಣ್ಣುಗಳ ವಯಸ್ಸು ಅದರ ಅರ್ಧದಷ್ಟು, ಅಂದರೆ ಮರಿ ಹಾಕುವ ಉಚ್ಛ್ರಾಯದ ಕಾಲ. ಒಂದೊಂದು ಸಾವಿನ ತೂಕ ನೋಡಿದರೆ ಆ ಹಿಂಡಿಗೆ ಬಂದೂಕಿನ ಪೆಟ್ಟೇ ಭಾರಿ.

ಅದೇ ಹಿಂಡನ್ನು ತೋಳವಿರೋಧಿಗಳು ಸದಾ ಮುಂದಿಡುತ್ತಾರೆ, ಆದ್ದರಿಂದ ಅದರ ಕಥೆ ಪೂರ್ತಿ ತಿಳಿದಿರಲಿ. 1994ರಲ್ಲಿ ಅಲ್ಲಿ 19,000 ಎಲ್ಕ್ ಎಣಿಸಿದ್ದರು, 2013ರಲ್ಲಿ ಸಿಕ್ಕಿದ್ದು 4,000ಕ್ಕೂ ಕಡಿಮೆ. ನಡುವೆ ತೋಳ ಬಂದದ್ದು ನಿಜ. ಆದರೆ ಅದೇ ವರ್ಷಗಳಲ್ಲಿ ಗ್ರಿಜ್ಲಿ ಕರಡಿಗಳು ಹೆಚ್ಚಿದವು, ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕುಗಳು ಚೇತರಿಸಿಕೊಂಡವು, ಬರ ಬಂತು, 1996–97ರ ಘೋರ ಚಳಿಗಾಲ ಬಂತು. ಉದ್ಯಾನದಿಂದ ಹೊರಬರುವ ಎಲ್ಕ್‌ಗಳ ಮೇಲೆ ಚಳಿಗಾಲದ ವಿಶೇಷ ಬೇಟೆಯೂ ವರ್ಷಗಟ್ಟಲೆ ನಡೆಯಿತು. ಹುಟ್ಟಿದ ಮರಿಗಳ ಕಿವಿಗೆ ರೇಡಿಯೊ ಗುರುತು ಹಾಕಿ 2003ರಿಂದ 2005ರವರೆಗೆ ಕಾದಾಗ ಮೊದಲ ವಾರಗಳಲ್ಲಿ ಮರಿಗಳನ್ನು ಹೆಚ್ಚಾಗಿ ತಿಂದದ್ದು ಕರಡಿಗಳು ಎಂದು ಗೊತ್ತಾಯಿತು, ತೋಳದ ಪಾಲು ಅದಕ್ಕಿಂತ ತುಂಬ ಕಡಿಮೆ. ಇನ್ನೊಂದು ವಿಷಯ ಯಾರೂ ನೆನಪಿಸುವುದಿಲ್ಲ. 19,000 ಎಂಬುದು ಆ ನೆಲ ತಾಳಿಕೊಳ್ಳುವ ಸಂಖ್ಯೆಯೇ ಆಗಿರಲಿಲ್ಲ. 1926ರ ಹೊತ್ತಿಗೆ ತೋಳಗಳನ್ನು ನಿರ್ಮೂಲ ಮಾಡಿದ್ದರು. ಆಮೇಲೆ ಎಲ್ಕ್ ಎಷ್ಟು ಹೆಚ್ಚಿದವೆಂದರೆ 1961–62ರ ಒಂದೇ ಚಳಿಗಾಲದಲ್ಲಿ ಉದ್ಯಾನದ ಸಿಬ್ಬಂದಿಯೇ 4,000ಕ್ಕೂ ಹೆಚ್ಚು ಎಲ್ಕ್‌ಗಳನ್ನು ಗುಂಡಿಕ್ಕಿ ಕೊಲ್ಲಬೇಕಾಯಿತು.

ಇಲ್ಲಿಗೆ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ತೋಳದಿಂದ ಎಲ್ಕ್‌ಗೆ ಎಲ್ಲೂ ಪೆಟ್ಟು ಬೀಳುವುದೇ ಇಲ್ಲ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ.

ನಿಮ್ಮ ರಾಜ್ಯದ ಉತ್ತರಕ್ಕಿರುವ ಲೋಲೊ ಎಂಬ ಪ್ರದೇಶವನ್ನು ನಿಮ್ಮ ಸಹೋದ್ಯೋಗಿ ಖಂಡಿತ ಹೆಸರಿಸುತ್ತಾರೆ. 1980ರ ದಶಕದ ಕೊನೆಯಲ್ಲಿ ಅಲ್ಲಿ ಸುಮಾರು 16,000 ಎಲ್ಕ್ ಇದ್ದವು. 2010ರ ಹೊತ್ತಿಗೆ ಉಳಿದದ್ದು 2,000. ದೇಶದ ಮೂಲೆಮೂಲೆಯಿಂದ ಬೇಟೆಗಾರರು ಬರುತ್ತಿದ್ದ ಕಾಡು ಅದು. ಅದನ್ನೇ ನಂಬಿ ಕುದುರೆ, ಡೇರೆ, ಅಡುಗೆಯವರನ್ನು ಇಟ್ಟುಕೊಂಡು ಜೀವನ ನಡೆಸುತ್ತಿದ್ದ ಕುಟುಂಬಗಳಿದ್ದವು. ಅವರ ಸಂಕಟವನ್ನು ಹಗುರವಾಗಿ ನೋಡಬಾರದು. ಆದರೆ ಕುಸಿತ ಶುರುವಾದದ್ದು ಎಲ್ಲಿಂದ? 1910ರಲ್ಲಿ, ಆಮೇಲಿನ ದಶಕಗಳಲ್ಲಿಯೂ ಆ ಬೆಟ್ಟಗಳಲ್ಲಿ ಭಾರಿ ಕಾಳ್ಗಿಚ್ಚುಗಳು ಎದ್ದಿದ್ದವು. ಸುಟ್ಟ ನೆಲದಲ್ಲಿ ಎಳೆಯ ಪೊದೆಗಳು ಎದ್ದು ಎಲ್ಕ್‌ಗೆ ಹಬ್ಬವಾಯಿತು. ಮುಂದೆ ಬೆಂಕಿಯನ್ನು ಕಂಡಲ್ಲೇ ನಂದಿಸುವ ನೀತಿ ಬಂತು. ಪೊದೆ ಹೋಗಿ ಮರ ಬಂತು, ಮರದ ನೆರಳಿನಲ್ಲಿ ಮೇವು ಸತ್ತಿತು. ತೋಳ ಕಾಲಿಡುವ ಮೊದಲೇ ಅಲ್ಲಿ ಬದುಕುಳಿಯುವ ಮರಿಗಳ ಪ್ರಮಾಣ ಇಳಿಯತೊಡಗಿತ್ತು, ಕರಿಕರಡಿಗಳನ್ನು ಕಡಿಮೆ ಮಾಡಿ ನೋಡಿದಾಗ ಮರಿಗಳು ಸ್ವಲ್ಪ ಚೇತರಿಸಿದವು. ಆಮೇಲೆ 1996–97ರ ಹಿಮ ಬಿದ್ದು ಹಿಂಡಿನ ಬೆನ್ನು ಮುರಿಯಿತು. ಅದರ ನಂತರ ತೋಳಗಳು ಹೆಚ್ಚಿದವು. ಕುಗ್ಗಿ ಸೊರಗಿದ ಆ ಹಿಂಡಿನಲ್ಲಿ ತೋಳ ಕೊಂದ ಹೆಣ್ಣುಗಳು ನಿಜವಾಗಿಯೂ ಹೆಚ್ಚುವರಿ ಸಾವುಗಳೇ ಆದವು. ಬೀಳಿಸಿದ್ದು ತೋಳವಲ್ಲ, ಬಿದ್ದದ್ದನ್ನು ಏಳಗೊಡದೆ ಒತ್ತಿ ಹಿಡಿದದ್ದರಲ್ಲಿ ತೋಳದ ಪಾಲು ದೊಡ್ಡದು. ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ ಹೆಲಿಕಾಪ್ಟರ್‌ನಿಂದ ಅಲ್ಲಿ ಹಲವು ವರ್ಷ ತೋಳ ಹೊಡೆಯಿತು. ಎಲ್ಕ್‌ಗಳ ಹಳೆಯ ವೈಭವವಂತೂ ಮರಳಲಿಲ್ಲ, ಯಾಕೆಂದರೆ ಹಳೆಯ ಮೇವು ಮರಳಿಲ್ಲ.

ಐಡಹೊದಲ್ಲೇ ಸುಮಾರು 2,000 ಎಲ್ಕ್‌ಗಳಿಗೆ ರೇಡಿಯೊ ಕೊರಳಪಟ್ಟಿ ಹಾಕಿ ವರ್ಷಗಟ್ಟಲೆ ನಡೆಸಿದ ಅಧ್ಯಯನ ನನಗೆ ಈ ವಿಷಯದಲ್ಲಿ ಅತ್ಯಂತ ಮುಖ್ಯವೆನಿಸುತ್ತದೆ. ಅಲ್ಲಿ ಎಲ್ಕ್ ಕೊಂದವರ ಪಟ್ಟಿಯಲ್ಲಿ ತೋಳಕ್ಕಿಂತ ಮೇಲಿದ್ದುದು ಪ್ಯೂಮಾ. ಒಂದು ಮರಿ ಚಳಿಗಾಲ ದಾಟುತ್ತದೆಯೇ ಇಲ್ಲವೇ ಎಂಬುದನ್ನು ಹೇಳಿದ್ದು ಮೂರು ಸಂಗತಿಗಳು: ಚಳಿಗಾಲ ಶುರುವಾದಾಗ ಅದರ ಎದೆಯ ಸುತ್ತಳತೆ, ಹಿಮದ ಆಳ, ಸುತ್ತಲ ತೋಳದ ಹಿಂಡುಗಳು ಎಷ್ಟು ದೊಡ್ಡವು ಎಂಬುದು. ಎದೆಯ ಸುತ್ತಳತೆ ಅಂದರೆ ಬೇಸಿಗೆಯಲ್ಲಿ ತಾಯಿಗೂ ಮರಿಗೂ ಸಿಕ್ಕಿದ ಮೇವು. ಹಿಮದ ಮೇಲೆ ಯಾರ ಕೈಯೂ ಓಡದು. ಮೂರರಲ್ಲಿ ಒಂದನ್ನು ಮಾತ್ರ ಬಂದೂಕಿನಿಂದ ಬದಲಿಸಬಹುದು, ಮತ್ತು ಎಲ್ಲರ ಗಮನ ಅದೊಂದರ ಮೇಲೆಯೇ ಇದೆ.

ತೋಳ ಹೊಡೆದದ್ದರಿಂದ ಪ್ರಾಣಿಗಳು ಹೆಚ್ಚಿದ ಉದಾಹರಣೆಗಳೂ ಇವೆ. ಕೆನಡಾದ ಯೂಕಾನ್‌ನಲ್ಲಿ 1980ರ ದಶಕದಲ್ಲಿ ಫಿನ್‌ಲೇಸನ್ ಎಂಬ ಕ್ಯಾರಿಬೂ (ಹಿಮನಾಡಿನ ಜಿಂಕೆ) ಹಿಂಡಿನ ಪ್ರದೇಶದಲ್ಲಿ ಬಹುಪಾಲು ತೋಳಗಳನ್ನು ಸತತ ಆರೇಳು ವರ್ಷ ತೆಗೆದರು. ಕ್ಯಾರಿಬೂ ಹೆಚ್ಚಿದವು, ಮೂಸ್ ಎಂಬ ಭಾರಿ ಜಿಂಕೆಗಳೂ ಹೆಚ್ಚಿದವು. ನಿಲ್ಲಿಸಿದ ಕೆಲವೇ ವರ್ಷಗಳಲ್ಲಿ ತೋಳಗಳು ಮೊದಲಿನ ಸಂಖ್ಯೆಗೆ ಬಂದವು, ಕ್ಯಾರಿಬೂ ಮತ್ತೆ ಇಳಿದವು. ಅದೇ ದೇಶದ ಬ್ರಿಟಿಷ್ ಕೊಲಂಬಿಯಾದ ಕ್ಲಿನ್ಸೆ-ಜಾ ಎಂಬ ಕ್ಯಾರಿಬೂ ಹಿಂಡು 2013ರಲ್ಲಿ ಬರೀ 38ಕ್ಕೆ ಇಳಿದಿತ್ತು. ಅಲ್ಲಿನ ಮೂಲನಿವಾಸಿ ಸಮುದಾಯಗಳಾದ ವೆಸ್ಟ್ ಮೊಬರ್ಲಿ ಮತ್ತು ಸೋಲ್ಟೊ ಜನ ಗಬ್ಬದ ಹೆಣ್ಣುಗಳನ್ನು ಬೇಲಿಯೊಳಗೆ ಕಾಪಾಡಿದರು, ಜೊತೆಗೆ ಸುತ್ತಲಿನ ತೋಳಗಳನ್ನು ಕಡಿಮೆ ಮಾಡಿದರು. ಹತ್ತು ವರ್ಷ ತುಂಬುವ ಮೊದಲೇ ಹಿಂಡು ನೂರು ದಾಟಿತು. ಆ ಕೆಲಸವನ್ನು ನಾನು ಮನಸಾರೆ ಗೌರವಿಸುತ್ತೇನೆ. ಅಳಿವಿನ ಅಂಚಿನ ಹಿಂಡಿಗೆ ಉಸಿರಾಡಲು ಸಮಯ ಕೊಡುವುದಕ್ಕೆ ತೋಳ ಹೊಡೆಯಬೇಕಾಗಿ ಬಂದರೆ ನಾನು ಅಡ್ಡ ಬರುವುದಿಲ್ಲ. ಆದರೆ ಆ ಹಿಂಡು 38ಕ್ಕೆ ಇಳಿದದ್ದು ಏಕೆ ಎಂದರೆ ಮರಗಳನ್ನು ಕಡಿದರು, ಕಡಿದಲ್ಲಿ ಎಳೆ ಚಿಗುರು ಬಂದು ಮೂಸ್ ಹೆಚ್ಚಿದವು, ಮೂಸ್ ಹಿಂದೆ ತೋಳ ಹೆಚ್ಚಿದವು, ಕಾಡಿನೊಳಗೆ ಹಾಕಿದ ರಸ್ತೆಗಳು ತೋಳಕ್ಕೆ ಓಡಲು ದಾರಿಯಾದವು. ಕಾಡು ಮತ್ತೆ ಬಲಿಯುವ ತನಕ ತೋಳಗಳನ್ನು ವರ್ಷವರ್ಷವೂ ಕೊಲ್ಲುತ್ತಲೇ ಇರಬೇಕು.

ತೋಳ ನಿಯಂತ್ರಣ ಫಲ ಕೊಡಬೇಕಾದರೆ ಏನೆಲ್ಲ ಕೂಡಿ ಬರಬೇಕು ಎಂಬುದು ಇದರಿಂದ ತಿಳಿಯುತ್ತದೆ. ಬೇಟೆಪ್ರಾಣಿ ಆ ನೆಲದ ಮೇವು ತಾಳುವುದಕ್ಕಿಂತ ತುಂಬ ಕೆಳಗಿರಬೇಕು, ಅದನ್ನು ಕೆಳಗೆ ಹಿಡಿದಿರುವುದು ಮುಖ್ಯವಾಗಿ ತೋಳವೇ ಆಗಿರಬೇಕು, ತೋಳಗಳ ಅರ್ಧಕ್ಕಿಂತ ಹೆಚ್ಚನ್ನು ದೊಡ್ಡ ಪ್ರದೇಶದಿಂದ ಹಲವು ವರ್ಷ ಬಿಡದೆ ತೆಗೆಯಬೇಕು. ತೋಳದ ಹಿಂಡು ವರ್ಷಕ್ಕೆ ನೂರಕ್ಕೆ ಇಪ್ಪತ್ತೈದು ಮೂವತ್ತರಷ್ಟು ಸಾವನ್ನು ತಾಳಿಕೊಂಡು ಮತ್ತೆ ತುಂಬಿಕೊಳ್ಳುತ್ತದೆ. ಒಂದು ಸೂಲಿಗೆ ಐದಾರು ಮರಿ, ಖಾಲಿಯಾದ ಜಾಗಕ್ಕೆ ಪಕ್ಕದ ಹಿಂಡಿನ ಎಳೆಯರು ಬಂದು ಸೇರುತ್ತಾರೆ. ಹಾಗಾಗಿ ಸಾಮಾನ್ಯ ಬೇಟೆಗಾರ ವಾರಾಂತ್ಯದಲ್ಲಿ ಹೊಡೆಯುವ ಒಂದು ತೋಳದಿಂದ ಆ ಕಣಿವೆಯ ಎಲ್ಕ್ ಹೆಚ್ಚುವುದಿಲ್ಲ. ನಿಮ್ಮ ಸಹೋದ್ಯೋಗಿ ಹೇಳುವ ಉಪಕಾರ ಆ ಟ್ಯಾಗ್‌ನಿಂದ ಆಗುವುದಿಲ್ಲ. ಹೆಲಿಕಾಪ್ಟರ್, ಸರ್ಕಾರದ ಹಣ, ಹತ್ತು ವರ್ಷಗಳ ಹಟ ಇದ್ದರೆ ಆದೀತು, ಅದೂ ಎಲ್ಲೆಡೆ ಅಲ್ಲ. ಅಲಾಸ್ಕಾದಲ್ಲಿ ಇವೆಲ್ಲವೂ ಇವೆ. ಅಲ್ಲಿನ ಫಾರ್ಟಿಮೈಲ್ ಕ್ಯಾರಿಬೂ ಹಿಂಡಿಗಾಗಿ ವರ್ಷಗಟ್ಟಲೆ ತೋಳ ಕೊಂದ ನಂತರ ಲೆಕ್ಕ ತೆಗೆದರೆ ಮರಿಗಳ ಬದುಕುಳಿವಿನಲ್ಲಿ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ.

ಇನ್ನೊಂದು ಮಾತು, ಬೇಟೆಗಾರರ ಅನುಭವದ ಬಗ್ಗೆ. “ನಾನು ಇಪ್ಪತ್ತು ವರ್ಷದಿಂದ ಹೋಗುವ ಕಣಿವೆಯಲ್ಲಿ ಈಗ ಎಲ್ಕ್ ಇಲ್ಲ” ಎಂದು ಅವರು ಹೇಳಿದರೆ ಅದು ಸುಳ್ಳಲ್ಲ. ತೋಳ ಬಂದ ಮೇಲೆ ಎಲ್ಕ್ ಬಯಲು ಬಿಟ್ಟು ಕಡಿದಾದ ಕಾಡಿಗೆ ಸರಿಯುತ್ತವೆ, ಸಣ್ಣ ಗುಂಪಾಗುತ್ತವೆ, ಕೂಗುವುದು ಕಡಿಮೆ ಮಾಡುತ್ತವೆ. ಬೇಟೆ ಶುರುವಾದ ಕೂಡಲೇ ಬೇಟೆಗೆ ಅವಕಾಶ ಕೊಡದ ಖಾಸಗಿ ಜಮೀನುಗಳಲ್ಲಿ ಹೋಗಿ ನಿಲ್ಲುತ್ತವೆ. ಮೊಂಟಾನಾದಲ್ಲಿ ಇದು ದೊಡ್ಡ ಸಮಸ್ಯೆ. ಒಟ್ಟು ಎಲ್ಕ್ ಗುರಿಗಿಂತ ಹೆಚ್ಚು, ಆದರೆ ಸಾರ್ವಜನಿಕ ಕಾಡಿನಲ್ಲಿ ನಡೆದು ಹೋಗುವ ಸಾಮಾನ್ಯ ಬೇಟೆಗಾರನ ಕಣ್ಣಿಗೆ ಒಂದೂ ಇಲ್ಲ. ಅವನ ಸಿಟ್ಟು ಹೋಗಿ ನಿಲ್ಲುವುದು ತೋಳದ ಮೇಲೆ. ಅದೇ ರಾಜ್ಯದ ಬಿಟರ್‌ರೂಟ್ ಕಣಿವೆಯಲ್ಲಿ ಎಲ್ಕ್ ಮರಿಗಳು ಕಡಿಮೆಯಾದಾಗಲೂ ಊರೆಲ್ಲ ತೋಳವನ್ನೇ ಬೈದಿತ್ತು. ರೇಡಿಯೊ ಗುರುತು ಹಾಕಿ ನೋಡಿದರೆ ಮರಿಗಳನ್ನು ಹೆಚ್ಚು ಹಿಡಿದದ್ದು ಪ್ಯೂಮಾ.

ಬೇಟೆಗಾರರ ಮಾತಿಗೆ ಅಲ್ಲಿ ಯಾಕಿಷ್ಟು ಬೆಲೆ ಎಂದು ನಿಮಗೆ ಅನ್ನಿಸಿರಬಹುದು. ರಾಜ್ಯಗಳ ವನ್ಯಜೀವಿ ಇಲಾಖೆಗಳು ನಡೆಯುವುದೇ ಬಹುಪಾಲು ಬೇಟೆ ಪರವಾನಗಿಯ ಹಣದಿಂದ ಮತ್ತು 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು, ಮದ್ದುಗುಂಡುಗಳ ಮೇಲೆ ಹಾಕುವ ತೆರಿಗೆಯಿಂದ. ಎಲ್ಕ್ ಕಡಿಮೆಯಾದರೆ ಟ್ಯಾಗ್ ಮಾರಾಟ ಕಡಿಮೆ, ಇಲಾಖೆಗೆ ಹಣ ಕಡಿಮೆ. ಎಲ್ಕನ್ನು ಇಪ್ಪತ್ತನೆಯ ಶತಮಾನದ ಆರಂಭದ ವಿನಾಶದಿಂದ ಮೇಲೆತ್ತಿದ್ದರಲ್ಲಿ ಬೇಟೆಗಾರರ ದುಡ್ಡು, ದುಡಿಮೆ ಎರಡೂ ಇವೆ.

ಕಾನೂನಿನ ಹಾದಿ ಉದ್ದದ್ದು. 2009ರಲ್ಲಿ ಐಡಹೊ, ಮೊಂಟಾನಾಗಳಲ್ಲಿ ಮೊದಲ ತೋಳದ ಬೇಟೆ, 2010ರಲ್ಲಿ ನ್ಯಾಯಾಲಯದ ತಡೆ, 2011ರಲ್ಲಿ ಸಂಸತ್ತೇ ಮಧ್ಯೆ ಬಂದು ಎರಡೂ ರಾಜ್ಯಗಳ ತೋಳಗಳನ್ನು ಸಂರಕ್ಷಿತ ಪಟ್ಟಿಯಿಂದ ತೆಗೆದದ್ದು. ಮೊದಮೊದಲು ನಿಯಮಗಳು ಹದವಾಗಿದ್ದವು. 2021ರಲ್ಲಿ ಎಲ್ಲ ಕೆಟ್ಟಿತು. “ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು” ಎಂಬ ನಮ್ಮ ಗಾದೆಯ ಹಾಗೆ ಐಡಹೊ ಒಬ್ಬೊಬ್ಬರಿಗೆ ಎಷ್ಟು ಬೇಕಾದರೂ ತೋಳದ ಟ್ಯಾಗ್ ಕೊಟ್ಟಿತು, ಖಾಸಗಿ ಜಮೀನಿನಲ್ಲಿ ವರ್ಷವಿಡೀ ಬೋನು, ಉರುಳು ಹಾಕಲು ಬಿಟ್ಟಿತು, ಕೊಂದವರ ಖರ್ಚು ಭರಿಸುವ ಏರ್ಪಾಡಿಗೆ ಹಣ ಹೆಚ್ಚಿಸಿತು. ಮೊಂಟಾನಾ ಅದೇ ಹಾದಿ ಹಿಡಿಯಿತು. ಮರುಚಳಿಗಾಲದಲ್ಲಿ ಯೆಲ್ಲೊಸ್ಟೋನ್‌ನ ಗಡಿ ದಾಟಿದ 25 ತೋಳಗಳು ಸತ್ತವು, ಒಂದು ಹಿಂಡು ಪೂರ್ತಿ ಇಲ್ಲವಾಯಿತು. 2021ರ ಫೆಬ್ರುವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯ ತನ್ನ ಬೇಟೆಗಾರರಿಗೆ 119 ತೋಳಗಳ ಮಿತಿ ಹಾಕಿತ್ತು. ಮೂರು ದಿನ ತುಂಬುವುದರೊಳಗೆ ಬೇಟೆ ನಿಲ್ಲಿಸಬೇಕಾಯಿತು, ಅಷ್ಟರಲ್ಲಿ 218 ಸತ್ತಿದ್ದವು. ಫೆಬ್ರುವರಿ ತೋಳಗಳ ಬೆದೆಗಾಲ. ಹಿಂಡನ್ನು ನಡೆಸುವ ತಾಯಿತಂದೆಗಳಲ್ಲಿ ಒಬ್ಬರು ಸತ್ತರೂ ಹಿಂಡು ಚದುರುವ ಸಂಭವ ಹೆಚ್ಚು. ಹಾಗೆ ಚದುರಿದ ಎಳೆಯ ತೋಳಗಳು ಎಲ್ಕ್ ಹಿಡಿಯಲು ಪಳಗಿರುವುದಿಲ್ಲ.

ವಿಸ್ಕಾನ್ಸಿನ್‌ನಿಂದಲೇ ಬಂದ ಇನ್ನೊಂದು ಲೆಕ್ಕವನ್ನು ನಿಮ್ಮ ಸಹೋದ್ಯೋಗಿಗೆ ಹೇಳಿ. ತೋಳ ನೆಲೆಸಿದ ಜಿಲ್ಲೆಗಳಲ್ಲಿ ಕಾರಿಗೆ ಜಿಂಕೆ ಬಡಿದು ಆಗುವ ಅಪಘಾತಗಳು ಸುಮಾರು ಕಾಲುಭಾಗ ಕಡಿಮೆಯಾದವು. ಅದರಿಂದ ಉಳಿದ ಹಣ ತೋಳ ಹಿಡಿದ ಜಾನುವಾರಿಗೆ ಕೊಟ್ಟ ಪರಿಹಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ನಿಮ್ಮ ಟ್ಯಾಗ್ ಪ್ರಶ್ನೆಗೆ ಬರುತ್ತೇನೆ. ಮಿತಿಯೊಳಗಿನ ತೋಳದ ಬೇಟೆಯಿಂದ ಈಗ ಅಲ್ಲಿ ತೋಳ ಅಳಿಯುವುದಿಲ್ಲ. ಐಡಹೊದ ಅಂದಾಜು ಕೆಲ ವರ್ಷಗಳ ಹಿಂದಿನ 1,500ರಿಂದ 2023ರಲ್ಲಿ 1,150ರ ಸುಮಾರಿಗೆ ಇಳಿದಿದೆ, 500ರ ಆಸುಪಾಸಿಗೆ ಇಳಿಸುವುದು ರಾಜ್ಯದ ಯೋಜನೆ. ಆ ಗುರಿಯನ್ನು ನಾನು ಒಪ್ಪುವುದಿಲ್ಲ. ರಾಜ್ಯದ ಎಲ್ಲ ಬೇಟೆ ವಲಯಗಳಿಗೂ ಒಂದೇ ಅಳತೆ ಹಿಡಿದರೆ ಲೋಲೊದಂಥ ಕಡೆ ಅದು ಸಾಲುವುದಿಲ್ಲ, ಎಲ್ಕ್ ತುಂಬಿ ತುಳುಕುವ ಕಡೆ ಅದು ಬೇಕಿಲ್ಲ. ನಿಮ್ಮ ಸಹೋದ್ಯೋಗಿ ಹೋಗುವ ವಲಯದ ಎಲ್ಕ್ ಎಣಿಕೆ ಇಲಾಖೆಯ ಬಳಿ ಸಿಗುತ್ತದೆ. ಚಳಿಗಾಲದ ಕೊನೆಗೆ ನೂರು ಹೆಣ್ಣಿಗೆ ಎಷ್ಟು ಮರಿ ಉಳಿದಿವೆ ನೋಡಿ. ಮೂವತ್ತರ ಹತ್ತಿರವಿದ್ದರೆ ಅಲ್ಲಿ ತೋಳವನ್ನು ದೂರುವುದಕ್ಕೆ ಕಾರಣವಿಲ್ಲ. ಇಪ್ಪತ್ತಕ್ಕಿಂತ ಕೆಳಗಿದ್ದರೆ ಮೇವು ಹೇಗಿದೆ, ಕರಡಿ, ಪ್ಯೂಮಾ ಎಷ್ಟಿವೆ, ಹೆಣ್ಣು ಎಲ್ಕ್‌ಗೆ ಎಷ್ಟು ಟ್ಯಾಗ್ ಕೊಡುತ್ತಿದ್ದಾರೆ ಎಂದು ಮೊದಲು ಕೇಳಿ. ಇಷ್ಟಾದ ಮೇಲೂ ತೋಳ ಹೊಡೆಯಬೇಕೆನಿಸಿದರೆ ಶರತ್ಕಾಲದಲ್ಲಿ ಬಂದೂಕಿನಿಂದ ಹೊಡೆಯುವುದಕ್ಕೆ ನನ್ನ ತಕರಾರು ಕಡಿಮೆ. ಉರುಳು, ಬೋನು, ಬೆದೆಗಾಲದ ಬೇಟೆ, ಮರಿಗಳಿರುವ ಗುಹೆಯ ಹತ್ತಿರದ ಬೇಟೆ ಬೇಡವೇ ಬೇಡ. ಉರುಳಿಗೆ ಕೊರಳು ಕೊಡುವುದು ತೋಳ ಮಾತ್ರವಲ್ಲ, ಜಿಂಕೆಯೂ ಸಾಕುನಾಯಿಯೂ ಅದರಲ್ಲಿ ಸಿಕ್ಕಿ ಸಾಯುತ್ತವೆ. 2021ರಲ್ಲಿ ನಿಮ್ಮ ರಾಜ್ಯದ ಜಿಂಕೆಗಳಲ್ಲಿ ಮೊದಲ ಬಾರಿ ಪತ್ತೆಯಾದ, ಮಿದುಳನ್ನು ತಿಂದು ಪ್ರಾಣಿಯನ್ನು ಸೊರಗಿಸುವ ರೋಗ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಲ್ಕ್‌ಗಳಿಗೂ ಹರಡುತ್ತದೆ. ಓಟದಲ್ಲಿ ಮುಗ್ಗರಿಸುವ ರೋಗಿಯನ್ನು ಎಲ್ಲರಿಗಿಂತ ಮೊದಲು ಗುರುತಿಸಬಲ್ಲ ಪ್ರಾಣಿ ತೋಳ, ಅದನ್ನು ಈ ಹೊತ್ತಿನಲ್ಲಿ ಅರ್ಧಕ್ಕಿಳಿಸುವುದು ನನಗೆ ಅವಸರದ ಕೆಲಸವೆನಿಸುತ್ತದೆ.

ಗಂಗಾವತಿ ಕಡೆಯ ತೋಳಕ್ಕೆ ಈ ಯಾವ ಲೆಕ್ಕವೂ ಹೊಂದುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅದು ಇದೆ, ಬೇಟೆಯ ಪ್ರಶ್ನೆಯೇ ಏಳದು. ಇಡೀ ದೇಶದಲ್ಲಿ ಉಳಿದಿರುವುದು ಸುಮಾರು ಮೂರು ಸಾವಿರ. ಐಡಹೊದ ತೋಳದ ಅರ್ಧ ತೂಕದ, ಎರಡು ಮೂರು ಜೊತೆಗಾರರೊಂದಿಗೆ ಬಯಲಲ್ಲಿ ಅಲೆಯುವ ಪ್ರಾಣಿ ಅದು. ಐಡಹೊದಲ್ಲಿ ತೋಳದ ಮುಂದೆ ಲಕ್ಷಕ್ಕೂ ಹೆಚ್ಚು ಎಲ್ಕ್ ಇವೆ. ನಿಮ್ಮೂರ ಕುರುಚಲು ಬಯಲಲ್ಲಿ ಕೃಷ್ಣಮೃಗ ಹೋಗಿ, ಹುಲ್ಲುಗಾವಲು ಹೊಲವಾಗಿ, ಅದಕ್ಕೆ ಉಳಿದಿರುವುದು ಕುರಿ ಮತ್ತು ಮೇಕೆ. ಕುರಿ ಕಾಯುವವರ ಮನೆಯ ಅನ್ನ ಅದು, ನಷ್ಟ ಪೂರ್ತಿ ಅವರದ್ದೇ. ಅಲ್ಲಿ ಸರಿದೂಗುವ ಸಾವು ಎಂಬುದಿಲ್ಲ. ಮೇಲುಕೋಟೆಯಲ್ಲಿ 1974ರಲ್ಲೇ ತೋಳಕ್ಕಾಗಿ ವನ್ಯಧಾಮ ಮಾಡಿದ್ದರು, ಈಗ ನಿಮ್ಮ ತಾಲ್ಲೂಕಿನ ಬಂಕಾಪುರದಲ್ಲೂ ತೋಳಧಾಮವಿದೆ. ಆದರೆ ತೋಳ ಗಡಿ ನೋಡಿ ತಿರುಗುವುದಿಲ್ಲ, ಅದು ಹೆಚ್ಚಾಗಿ ಬದುಕುವುದು ಧಾಮದ ಹೊರಗಿನ ಹೊಲ, ಗೋಮಾಳಗಳಲ್ಲಿ. ಕಾಡುಪ್ರಾಣಿ ಕೊಂದ ಜಾನುವಾರಿಗೆ ಅರಣ್ಯ ಇಲಾಖೆಯ ಪರಿಹಾರ ಇದೆ. ಊರೂರು ಅಲೆಯುವ ಕುರಿಗಾಹಿಗೆ ಅದು ದಕ್ಕುವುದು ಕಷ್ಟ, ಯಾಕೆಂದರೆ ಮರಿಯನ್ನು ತೋಳ ಹೊತ್ತೇ ಒಯ್ದಾಗ ತೋರಿಸಲು ಹೆಣವಿರುವುದಿಲ್ಲ, ಅಧಿಕಾರಿ ಬರುವ ಹೊತ್ತಿಗೆ ಮಂದೆ ಮುಂದಿನ ಊರಿನಲ್ಲಿರುತ್ತದೆ. ನೀವು ಊರಿನ ತೋಳಕ್ಕೂ ಕುರಿಗಾಹಿಗೂ ಏನಾದರೂ ಮಾಡಬೇಕೆಂದಿದ್ದರೆ ರಾತ್ರಿ ಮಂದೆಗೆ ಗಟ್ಟಿ ಬಲೆ, ಒಳ್ಳೆಯ ಕಾವಲುನಾಯಿ ಕೊಡಿಸುವುದಕ್ಕೂ, ಆ ಪರಿಹಾರದ ಅರ್ಜಿಯನ್ನು ಬರೆದು ಬೆನ್ನು ಹತ್ತುವುದಕ್ಕೂ ಊರಿನ ಯಾರಾದರೂ ಓದಿದ ಹುಡುಗರನ್ನು ಹಚ್ಚಿ.